ಕಿಟಕಿಯನ್ನು ಹಿಂದುಮುಂದಾಗಿ ಓದಿದರೆ: ಪ್ರೌಢಶಾಲೆಯಲ್ಲಿ ಕಂಪ್ಯೂಟರ್ ಎಂಬ ಐಚ್ಛಿಕ ವಿಷಯ



ದತ್ತಿ ಉಪನ್ಯಾಸವೆಂದರೆ ಬಡ್ಡಿಯ ಮೇಲೆ ನಡೆಯುವ ಮಾತು. ಅಸಲು ಬ್ಯಾಂಕಿನಲ್ಲಿ ಭದ್ರವಾಗಿರುತ್ತದೆ. ಬಂದ ಬಡ್ಡಿಯಲ್ಲಿ ವರ್ಷಕ್ಕೊಮ್ಮೆ ಒಂದು ಶಾಲು, ಒಂದು ಹಾರ, ಬಂದವರಿಗೆಲ್ಲ ಕಾಫಿ, ಜೊತೆಗೊಬ್ಬ ಉಪನ್ಯಾಸಕ. ಬಡ್ಡಿ ದರ ಇಳಿದ ಹಾಗೆಲ್ಲ ಉಪನ್ಯಾಸವೂ ಗಿಡ್ಡವಾಗಬೇಕಿತ್ತು. ಹಾಗೆ ಆಗಿಲ್ಲವೆಂದು ಕೊನೆಯ ಎರಡು ಸಾಲುಗಳಲ್ಲಿ ಬಲವಂತಕ್ಕೆ ಬಂದು ಕೂತಿರುವ ಹತ್ತನೇ ತರಗತಿಯ ಮಕ್ಕಳಿಗೆ ಇನ್ನು ಸ್ವಲ್ಪ ಹೊತ್ತಿಗೆ ತಿಳಿಯುತ್ತದೆ.

ನಾನು 31 ವರ್ಷ ಸರ್ಕಾರಿ ಪ್ರೌಢಶಾಲೆಗಳಲ್ಲಿ ಗಣಿತ ಹೇಳಿಕೊಟ್ಟವನು. ಕಂಪ್ಯೂಟರನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ಲೆಕ್ಕದ ಮೇಷ್ಟ್ರು ಎಂಬ ಒಂದೇ ಕಾರಣಕ್ಕೆ ಆ ಕೋಣೆಯ ಬೀಗದಕೈ ನನ್ನ ಜೇಬು ಸೇರಿತು. ಇಂದಿನ ಮಾತೆಲ್ಲ ಆ ಬೀಗದಕೈಯಿಂದ ಹುಟ್ಟಿದ್ದು. ತಜ್ಞನ ಮಾತೆಂದು ಯಾರೂ ತಿಳಿಯಬಾರದು.

ಐಚ್ಛಿಕ ಎಂಬ ಪದ ಇಚ್ಛೆಯಿಂದ ಬಂದದ್ದು. ಯಾರ ಇಚ್ಛೆ ಎಂದು ಕೇಳಿದಾಗ ತೊಡಕು ಶುರುವಾಗುತ್ತದೆ. ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ವೇಳಾಪಟ್ಟಿಯನ್ನು ಒಮ್ಮೆ ಗಮನವಿಟ್ಟು ನೋಡಿ. ತೃತೀಯ ಭಾಷೆಯ ದಿನ ಹಿಂದಿ, ಉರ್ದು, ಸಂಸ್ಕೃತ, ಕೊಂಕಣಿ, ತುಳು ಎಂದೆಲ್ಲ ಬರೆದು, ಅದರ ಮಗ್ಗುಲಲ್ಲೇ ಎನ್‌ಎಸ್‌ಕ್ಯೂಎಫ್ ಎಂಬ ಕೌಶಲ ಚೌಕಟ್ಟಿನ ವಿಷಯಗಳು ಎಂದು ಮಾಹಿತಿ ತಂತ್ರಜ್ಞಾನ, ರೀಟೇಲ್, ಆಟೊಮೊಬೈಲ್, ಬ್ಯೂಟಿ ಅಂಡ್ ವೆಲ್‌ನೆಸ್ ಇತ್ಯಾದಿ ಪಟ್ಟಿ ಕೊಟ್ಟಿರುತ್ತಾರೆ. ಅಂದರೆ ನಮ್ಮ ಸರ್ಕಾರಿ ಶಾಲೆಯಲ್ಲಿ ಕಂಪ್ಯೂಟರ್ ಬೇಕೆಂದ ಮಗು ಸಾಮಾನ್ಯವಾಗಿ ಹಿಂದಿಯನ್ನು ಬಿಟ್ಟುಕೊಡಬೇಕು. ಅದೂ ಆರಿಸಿದ ಕೆಲವು ಶಾಲೆಗಳಲ್ಲಿ ಮಾತ್ರ. ತಕ್ಕಡಿಯ ಒಂದು ತಟ್ಟೆಯಲ್ಲಿ ಭಾಷೆ, ಇನ್ನೊಂದರಲ್ಲಿ ಯಂತ್ರ. ನಾನು ಹಿಂದಿ ಮೇಷ್ಟ್ರ ವಿರುದ್ಧ ಮಾತಾಡುತ್ತಿಲ್ಲ. ನನ್ನ ಆಪ್ತ ಗೆಳೆಯರಲ್ಲಿ ಇಬ್ಬರು ಹಿಂದಿ ಮೇಷ್ಟ್ರುಗಳು, ಒಬ್ಬರು ಇಲ್ಲೇ ಕೂತು ನನ್ನನ್ನು ದುರುಗುಟ್ಟಿ ನೋಡುತ್ತಿದ್ದಾರೆ. ಆದರೆ ಹಿಂದಿ ಕಷ್ಟವೆಂದು ಕಂಪ್ಯೂಟರ್ ತೆಗೆದುಕೊಂಡ ಮಕ್ಕಳನ್ನು ನಾನು ಕಂಡಿದ್ದೇನೆ. ಅದು ಇಚ್ಛೆಯಲ್ಲ, ಓಡಿಹೋಗುವಿಕೆ.

ಆ ವಿಷಯದ ಹೊಟ್ಟೆಯಲ್ಲಿ ಏನಿದೆ? ಕೇಂದ್ರೀಯ ಮಂಡಳಿ ಸಿಬಿಎಸ್‌ಇಯ 9 ಮತ್ತು 10ನೇ ತರಗತಿಯ ಐಟಿ ಕೌಶಲ ವಿಷಯವನ್ನೇ ತೆಗೆದುಕೊಳ್ಳಿ. ಪತ್ರ ಟೈಪು ಮಾಡುವುದು, ಸ್ಪ್ರೆಡ್‌ಶೀಟು, ಒಂದಿಷ್ಟು ಡೇಟಾಬೇಸು, ಅಂತರ್ಜಾಲದ ಸುರಕ್ಷತೆ. ಜೊತೆಗೆ ಸಂವಹನ ಕೌಶಲ, ಉದ್ಯಮಶೀಲತೆ, ಹಸಿರು ಕೌಶಲ. ತಂತ್ರಾಂಶ ಲಿಬ್ರೆ ಆಫೀಸು, ಉಚಿತವಾದದ್ದು, ಒಳ್ಳೆಯದು. ಆದರೆ ಇಡೀ ವಿಷಯಕ್ಕೆ ತಗುಲಿಸಿದ ಉದ್ಯೋಗದ ಹೆಸರು ನೋಡಿ: ಡೊಮೆಸ್ಟಿಕ್ ಡೇಟಾ ಎಂಟ್ರಿ ಆಪರೇಟರ್. ಟೈಪು ಮಾಡಿ ಬದುಕುವವರ ಬಗ್ಗೆ ನನಗೆ ತಾತ್ಸಾರವಿಲ್ಲ, ನನ್ನ ತಮ್ಮನ ಮನೆ ನಡೆದದ್ದೇ ಅದರಿಂದ. ಆದರೆ ತ್ರಿಕೋನಮಿತಿ ಕಲಿಸುವಾಗ ನಾವು ಅದಕ್ಕೆ 'ಸಹಾಯಕ ಭೂಮಾಪಕ' ಎಂದು ಬೋರ್ಡು ಹಾಕುವುದಿಲ್ಲ. ಹದಿನಾಲ್ಕು ವರ್ಷದ ಮಗುವಿನ ಮುಂದೆ ಕುರ್ಚಿಯೊಂದನ್ನು ತೋರಿಸಿ, ಇದಕ್ಕೆ ಸರಿಹೊಂದುವಷ್ಟು ಮಾತ್ರ ಕಲಿ ಎಂದ ಹಾಗಾಯಿತು.

ಇತಿಹಾಸವನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಅದು ಒಂದೇ ಕತೆಯ ನಾಲ್ಕು ಪ್ರತಿ. 1984ರಲ್ಲಿ ಕೇಂದ್ರ ಸರ್ಕಾರದ 'ಕ್ಲಾಸ್' ಯೋಜನೆ ಬಂತು. ಮೊದಲ ಹಂತದಲ್ಲಿ ದೇಶದ 250 ಶಾಲೆಗಳಿಗೆ ಬ್ರಿಟನ್ನಿನ ಅಕಾರ್ನ್ ಕಂಪನಿಯ ಬಿಬಿಸಿ ಮೈಕ್ರೊ ಯಂತ್ರಗಳು. ಅದರ ನೆನಪಿನ ಶಕ್ತಿ 32 ಕಿಲೊಬೈಟು; ಇವತ್ತು ನನ್ನ ಮೊಮ್ಮಗಳು ಬೆಕ್ಕಿನ ಒಂದು ಫೋಟೊ ತೆಗೆದರೆ ಅದರ ನೂರರಷ್ಟಾಗುತ್ತದೆ. 2001ರ ಹೊತ್ತಿಗೆ ನಮ್ಮ ರಾಜ್ಯದ 'ಮಾಹಿತಿ ಸಿಂಧು' ಬಂತು. 2004ರಲ್ಲಿ ಮಾಹಿತಿ ಮತ್ತು ಸಂವಹನ ತಂತ್ರಜ್ಞಾನದ ಹೆಸರಿನಲ್ಲಿ ಕೇಂದ್ರದ ಐಸಿಟಿ ಯೋಜನೆ ಬಂತು. 2016–17ರಲ್ಲಿ ಮತ್ತೆ ರಾಜ್ಯದ್ದೇ ಟಾಲ್ಪ್, ತಂತ್ರಜ್ಞಾನದ ನೆರವಿನ ಕಲಿಕೆಯ ಯೋಜನೆ. ಪ್ರತಿ ಸಲವೂ ಯಂತ್ರ ಮೊದಲು ಬಂತು, ಮೇಷ್ಟ್ರು ಆಮೇಲೆ ಬಂದರು, ಏನು ಕಲಿಸಬೇಕೆಂಬ ಯೋಚನೆ ಎಲ್ಲಕ್ಕಿಂತ ಕೊನೆಗೆ, ಸುಸ್ತಾಗಿ ಬಂತು. ಐಸಿಟಿ ಯೋಜನೆಯಲ್ಲಿ ಹಲವು ಕಡೆ ಗುತ್ತಿಗೆ ಸಂಸ್ಥೆ ಐದು ವರ್ಷ ಪ್ರಯೋಗಾಲಯ ನಡೆಸಿ, ಆಮೇಲೆ ಶಾಲೆಗೆ ಬಿಟ್ಟುಹೋಗುವ ಏರ್ಪಾಡಿತ್ತು. ಐದು ವರ್ಷ ಮುಗಿದ ಮಾರನೆಯ ದಿನ ಕಲಿಸುವವರು ಹೋದರು, ಯಂತ್ರಗಳು ಉಳಿದವು.

ಹಾಗೆ ಉಳಿದ ಹತ್ತು ಯಂತ್ರಗಳು ನನ್ನ ಪಾಲಿಗೆ ಬಂದವು. ಕೋಣೆಯ ಬಾಗಿಲಲ್ಲಿ 'ಪಾದರಕ್ಷೆಗಳನ್ನು ಹೊರಗೆ ಬಿಡಿ' ಎಂಬ ಫಲಕ. ಪ್ರತಿ ಯಂತ್ರಕ್ಕೂ ಹೂವಿನ ಚಿತ್ತಾರದ ಬಟ್ಟೆಯ ಹೊದಿಕೆ. ಆಯುಧಪೂಜೆಗೆ ಕುಂಕುಮ ಹಚ್ಚಿದ ಗುರುತು ಎಲ್ಲ ಮಾನಿಟರುಗಳ ಮೇಲೂ ಇತ್ತು. ಎರಡರಲ್ಲಿ ಪವರ್ ಬಟನ್ನಿನ ಮೇಲೇ. ಯುಪಿಎಸ್ಸಿನ ಬ್ಯಾಟರಿಗಳು ಸತ್ತು ಎಷ್ಟೋ ಕಾಲವಾಗಿತ್ತು. ಕರೆಂಟು ಹೋದರೆ ಮಕ್ಕಳು ಅಲ್ಲಿಯವರೆಗೆ ಮಾಡಿದ್ದೆಲ್ಲ ಹೋಯಿತು. ಹಾಗಾಗಿ ನಾನು ಕಲಿಸಿದ ಮೊದಲ ಪಾಠ, ಐದು ನಿಮಿಷಕ್ಕೊಮ್ಮೆ ಸೇವ್ ಮಾಡುವುದು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಗ ಬೆಂಗಳೂರಿನಲ್ಲಿ ದೊಡ್ಡ ಕೆಲಸದಲ್ಲಿದ್ದಾನೆ. ನನ್ನಿಂದ ಕಲಿತದ್ದರಲ್ಲಿ ಇವತ್ತಿಗೂ ಉಪಯೋಗಕ್ಕೆ ಬರುವುದು ಅದೊಂದೇ ಎನ್ನುತ್ತಾನೆ.

ಈಗ ಕಿಟಕಿಯ ವಿಷಯಕ್ಕೆ ಬರುತ್ತೇನೆ.

ನಿವೃತ್ತಿಗೆ ಎರಡು ವರ್ಷ ಇದ್ದಾಗ ನಾನೇ ಪೈಥಾನ್ ಭಾಷೆ ಕಲಿಯುತ್ತ, ಒಂದು ಪಾಠ ಮುಂದಿದ್ದುಕೊಂಡು, ಒಂಬತ್ತನೇ ತರಗತಿಯ ಹದಿನೇಳು ಮಕ್ಕಳಿಗೆ ಹೇಳಿಕೊಡುತ್ತಿದ್ದೆ. ಎಲ್ಲ ಪುಸ್ತಕಗಳಲ್ಲೂ ಇರುವ ಒಂದು ಅಭ್ಯಾಸವಿದೆ: ಕೊಟ್ಟ ಪದ ಹಿಂದಿನಿಂದ ಓದಿದರೂ ಅದೇ ಆಗುತ್ತದೆಯೇ ಎಂದು ನೋಡುವುದು. ಪುಸ್ತಕದಲ್ಲಿ ಇಂಗ್ಲಿಷಿನ 'ಮ್ಯಾಡಮ್' ಇತ್ತು. ಪ್ರೋಗ್ರಾಮು ಮೂರೇ ಸಾಲು, ಚೆನ್ನಾಗಿ ಓಡಿತು. ಮಕ್ಕಳಿಗೆ ಬೇಜಾರು. ಕನ್ನಡದ್ದು ಕೊಡಿ ಎಂದೆ. ಒಬ್ಬ 'ಕನಕ' ಕೊಟ್ಟ, ಪಾಸು. 'ನಯನ' ಪಾಸು. 'ಜಲಜ' ಪಾಸು. ಕಿಟಕಿಯ ಪಕ್ಕ ಕೂತಿದ್ದ ಹುಡುಗಿ 'ಕಿಟಕಿ' ಎಂದು ಟೈಪು ಮಾಡಿದಳು.

ಯಂತ್ರ ಅಲ್ಲವೆಂದಿತು.

'ವಿಕಟಕವಿ' ಹಾಕಿದರು, ಅಲ್ಲವೆಂದಿತು. ತೆನಾಲಿ ರಾಮಕೃಷ್ಣನ ಕತೆ ಗೊತ್ತಿರುವ ಪ್ರತಿ ಮಗುವಿಗೂ ಅದು ಎರಡು ಕಡೆಯಿಂದಲೂ ಒಂದೇ ಎಂದು ಗೊತ್ತು. ಯಂತ್ರಕ್ಕೆ ಗೊತ್ತಿಲ್ಲ. 'ನವಜೀವನ' ನಪಾಸು, 'ಸಮಾಸ' ನಪಾಸು. ಕ್ಲಾಸಿನಲ್ಲಿ ಗದ್ದಲ. ನಾನು ತಪ್ಪು ಪ್ರೋಗ್ರಾಮು ಬರೆಸಿದ್ದೇನೆಂದು ಎಲ್ಲರಿಗೂ ಖಾತ್ರಿ, ನನಗೂ ಅರ್ಧ ಖಾತ್ರಿ. ತಿರುಗಿಸಿದ ಪದವನ್ನು ಪರದೆಯ ಮೇಲೆ ತೋರಿಸು ಎಂದೆ. ಚುಕ್ಕಿಗಳ ಒಂದು ಸಣ್ಣ ವೃತ್ತ, ಅದರ ಮೇಲೆ ಅನಾಥವಾಗಿ ನಿಂತ ಗುಡಿಸು, ಆಮೇಲೆ 'ಕಟಿಕ' ಎಂದು ಬಂತು.

ಆ ಗುಡಿಸನ್ನು ನೋಡಿದ ಕ್ಷಣ ನನಗೂ ಮಕ್ಕಳಿಗೂ ಒಟ್ಟಿಗೇ ತಿಳಿಯಿತು. ನಮಗೆ 'ಕಿ' ಒಂದು ಅಕ್ಷರ. ಯಂತ್ರಕ್ಕೆ ಎರಡು: ಒಂದು 'ಕ', ಅದರ ಹಿಂದೆ ಪ್ರತ್ಯೇಕವಾಗಿ ಒಂದು ಗುಡಿಸು. ಕಿಟಕಿ ಎಂದರೆ ನಮಗೆ ಮೂರು, ಅದಕ್ಕೆ ಐದು. ತಿರುಗಿಸಿದಾಗ ಗುಡಿಸು ತನ್ನ ಅಕ್ಷರವನ್ನು ಕಳೆದುಕೊಂಡು ಮುಂದಕ್ಕೆ ಬಂದುಬಿಟ್ಟಿತು. 'ಕನ್ನಡ' ಎಂಬ ಪದದಲ್ಲಿ ಎಷ್ಟು ಅಕ್ಷರ ಎಂದು ಯಂತ್ರವನ್ನು ಕೇಳಿದೆವು. ಐದು ಎಂದಿತು. ಕ, ನ, ಎರಡು ನಕಾರಗಳನ್ನು ಬೆಸೆಯುವ ಹಲಂತದ ಗುರುತು, ಮತ್ತೊಂದು ನ, ಡ. 'ಕರ್ನಾಟಕ' ಏಳು. ಅಲ್ಲಿ ಇನ್ನೊಂದು ಸೋಜಿಗ. ನಾವು ಕೈಯಲ್ಲಿ ಬರೆಯುವಾಗ ಅರ್ಕಾವೊತ್ತನ್ನು ಕೊನೆಗೆ ಎಳೆಯುತ್ತೇವೆ. ಯಂತ್ರ ರಕಾರವನ್ನು ಮೊದಲೇ ಇಟ್ಟುಕೊಂಡಿರುತ್ತದೆ, ಬಾಯಲ್ಲಿ ಹೇಳುವ ಕ್ರಮದಲ್ಲಿ. ಯಂತ್ರ ನಮ್ಮ ಕೈಯನ್ನು ಬಿಟ್ಟು ನಮ್ಮ ಬಾಯಿಯನ್ನು ಹಿಂಬಾಲಿಸುತ್ತಿತ್ತು.

ಕನ್ನಡ ಮೇಡಂ ಅವರನ್ನು ಸ್ಟಾಫ್ ರೂಮಿನಿಂದ ಕರೆಸಿದೆ. ಅವರು ಎರಡು ನಿಮಿಷ ನೋಡಿ, ಇದು ತಲೆಕೆಳಗಾಗಿದೆಯಲ್ಲ ಮೇಷ್ಟ್ರೇ ಎಂದರು. ವ್ಯಾಕರಣದಲ್ಲಿ 'ಕ್' ಮೂಲ. ಅದಕ್ಕೆ ಅಕಾರ ಸೇರಿದರೆ 'ಕ', ಇಕಾರ ಸೇರಿದರೆ 'ಕಿ'. ಯುನಿಕೋಡಿನಲ್ಲಿ 'ಕ' ಮೂಲ. ಅದರಿಂದ ಅಕಾರವನ್ನು ಕಿತ್ತುಹಾಕಿದರೆ 'ಕ್'. 1991ರ ಮೊದಲ ಆವೃತ್ತಿಯಿಂದಲೂ ಕನ್ನಡ ಯುನಿಕೋಡಿನಲ್ಲಿದೆ. ಭಾರತದ ಹೆಚ್ಚಿನ ಲಿಪಿಗಳಿಗೆ ಇದೇ ಪದ್ಧತಿ. ಯಾವುದು ಸರಿ ಎಂದು ಮಕ್ಕಳು ಕೇಳಿದರು. ಎರಡೂ ಸರಿ ಎಂದು ಮೇಡಂ ಹೇಳಿದ್ದು, ನನ್ನ 31 ವರ್ಷದಲ್ಲಿ ಕೇಳಿದ ಅತ್ಯುತ್ತಮ ಕಂಪ್ಯೂಟರ್ ಪಾಠ. ಒಂದೇ ವಸ್ತುವನ್ನು ಎರಡು ಬಗೆಯಲ್ಲಿ ಹಿಡಿದಿಡಬಹುದು, ಹಿಡಿದಿಟ್ಟ ಬಗೆಗೆ ತಕ್ಕಂತೆ ಕೆಲಸ ಸುಲಭವೋ ಕಷ್ಟವೋ ಆಗುತ್ತದೆ. ಕಂಪ್ಯೂಟರ್ ವಿಜ್ಞಾನದ ಬುನಾದಿ ಇದು. 'ಮ್ಯಾಡಮ್' ಪದದಲ್ಲೇ ನಿಂತಿದ್ದರೆ ಇದು ನಮ್ಮ ಕಣ್ಣಿಗೇ ಬೀಳುತ್ತಿರಲಿಲ್ಲ.

ಮುಂದಿನ ವಾರವೆಲ್ಲ ಅದೇ ಕೆಲಸ. ಮೊದಲು ಪದವನ್ನು ಅಕ್ಷರಗಳಾಗಿ ಬಿಡಿಸಬೇಕು: ವ್ಯಂಜನದ ಹಿಂದೆ ಸ್ವರದ ಗುರುತು ಬಂದರೆ ಅದನ್ನು ಅಂಟಿಸು, ಅನುಸ್ವಾರ ಬಂದರೆ ಅಂಟಿಸು, ಹಲಂತ ಬಂದರೆ ಮುಂದಿನ ವ್ಯಂಜನವನ್ನೂ ಎಳೆದುಕೋ. ಆಮೇಲೆ ತಿರುಗಿಸು. ನಾಲ್ಕನೇ ದಿನ ಕಿಟಕಿ ಪಾಸಾಯಿತು. ಆ ಹುಡುಗಿ ಎದ್ದುಹೋಗಿ ಗೋಡೆಯ ಕಿಟಕಿಯನ್ನು ತೆರೆದಳು. ಧೂಳು ಬರುತ್ತದೆಂದು ವರ್ಷಗಟ್ಟಲೆ ಮುಚ್ಚಿಟ್ಟಿದ್ದದ್ದು ಅದು. ನಾನು ಬೈಯಲಿಲ್ಲ.

ಒಂದು ಎಳೆ ಸಿಕ್ಕಿದರೆ ಮಕ್ಕಳು ಬಿಡುವುದಿಲ್ಲ. ಕನ್ನಡದಲ್ಲಿ ಎಸ್ಸೆಮ್ಮೆಸ್ ಕಳಿಸಿದರೆ ಬೇಗ ತುಂಬಿಹೋಗುತ್ತದಲ್ಲ, ಯಾಕೆ ಎಂದು ಒಬ್ಬ ಕೇಳಿದ. ಇಂಗ್ಲಿಷಿನಲ್ಲಿ ಒಂದು ಸಂದೇಶಕ್ಕೆ 160 ಅಕ್ಷರ, ಕನ್ನಡದಲ್ಲಿ 70. ಆ 70ರಲ್ಲೂ ಗುಡಿಸು, ಕೊಂಬು, ಹಲಂತ ಎಲ್ಲವೂ ಒಂದೊಂದು ಲೆಕ್ಕ. ಕಡತದಲ್ಲಿ ಉಳಿಸಿದರೆ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟು, ಕನ್ನಡದ ಪ್ರತಿ ಗುರುತಿಗೆ ಮೂರು. 'ಕನ್ನಡ' ಎಂದು ಬರೆದಿಡಲು 15 ಬೈಟು. ಇದು ಅನ್ಯಾಯ ಎಂದು ಕ್ಲಾಸು ತೀರ್ಮಾನಿಸಿತು. ಅನ್ಯಾಯವೇ ಅಥವಾ ಮೊದಲು ಬಂದವರಿಗೆ ಮುಂದಿನ ಸೀಟು ಸಿಕ್ಕಿದ ಕತೆಯೇ ಎಂದು ಅರ್ಧ ಗಂಟೆ ವಾದ ನಡೆಯಿತು. ಇನ್ನೊಬ್ಬ ತನ್ನ ಅಪ್ಪ ಪಂಚಾಯಿತಿಯಿಂದ ತಂದ ಕಡತ ತೋರಿಸಿದ; ತೆರೆದರೆ ಕನ್ನಡದ ಬದಲು ಇಂಗ್ಲಿಷಿನ ಪಿ, ಕ್ಯೂ, ಟೋಪಿ ಹಾಕಿದ ಎ, ಮಧ್ಯೆ ಮಧ್ಯೆ ಬ್ರಿಟನ್ನಿನ ಪೌಂಡು ಚಿಹ್ನೆ. ಯುನಿಕೋಡ್ ಬಳಕೆಗೆ ಬರುವ ಮೊದಲಿನ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ್ದರು. ಫಾಂಟು ಇಲ್ಲದ ಯಂತ್ರದಲ್ಲಿ ವೇಷ ಕಳಚಿಬೀಳುತ್ತದೆ. ಕೆ. ಪಿ. ರಾವ್, 'ಬರಹ' ತಂತ್ರಾಂಶದ ಶೇಷಾದ್ರಿ ವಾಸು, 'ನುಡಿ' ತಂತ್ರಾಂಶವನ್ನು ರೂಪಿಸಿದ ಕನ್ನಡ ಗಣಕ ಪರಿಷತ್ತು, ಇವರೆಲ್ಲ ಯಾವ ಕಷ್ಟದಲ್ಲಿ ಕನ್ನಡವನ್ನು ಯಂತ್ರದೊಳಕ್ಕೆ ತಂದರೆಂದು ಅವತ್ತು ಹೇಳಲು ಒಂದು ನೆಪ ಸಿಕ್ಕಿತು. ನಮ್ಮ ಯಾವ ಐಚ್ಛಿಕ ಪಠ್ಯದಲ್ಲೂ ಈ ಅಧ್ಯಾಯವನ್ನು ನಾನು ಕಂಡಿಲ್ಲ.

ಕನ್ನಡ ಮೇಡಂ ಸುಮ್ಮನಿರಲಿಲ್ಲ. ನಿಮ್ಮ ಯಂತ್ರ ಅಕ್ಷರ ಬಿಡಿಸುವುದು ಕಲಿತಿದೆಯಲ್ಲ, ಪ್ರಸ್ತಾರ ಹಾಕಲಿ ನೋಡೋಣ ಎಂದು ಸವಾಲೆಸೆದರು. ಛಂದಸ್ಸೆಂದರೆ ಓಡುವ ಮಕ್ಕಳು ಇದಕ್ಕೆ ಮುಗಿಬಿದ್ದರು. ನಿಯಮಗಳು ಎಲ್ಲರಿಗೂ ಬಾಯಿಪಾಠ: ದೀರ್ಘ ಸ್ವರವಿದ್ದರೆ ಗುರು, ಅನುಸ್ವಾರ ವಿಸರ್ಗ ಇದ್ದರೆ ಗುರು, ಮುಂದೆ ಒತ್ತಕ್ಷರವಿದ್ದರೆ ಹಿಂದಿನದು ಗುರು, ಉಳಿದದ್ದು ಸಾಮಾನ್ಯವಾಗಿ ಲಘು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. 'ಕನ್ನಡ' ಗುರು, ಲಘು, ಲಘು, ನಾಲ್ಕು ಮಾತ್ರೆ. ಇಷ್ಟು ವರ್ಷ ಪರೀಕ್ಷೆಗೆ ಬರೆಯುತ್ತಿದ್ದದ್ದು ಒಂದು ಪ್ರೋಗ್ರಾಮು ಎಂದು ಮಕ್ಕಳಿಗೆ ಆಗ ಹೊಳೆಯಿತು. ಹತ್ತನೇ ಶತಮಾನದ ನಾಗವರ್ಮ 'ಛಂದೋಂಬುಧಿ'ಯಲ್ಲಿ ಮಾಡಿದ್ದು ಇದನ್ನೇ ಅಲ್ಲವೇ ಎಂದು ಕೇಳಿದವನಿಗೆ ಮೇಡಂ ಅವತ್ತು ತಮ್ಮ ಡಬ್ಬಿಯ ಚಕ್ಕುಲಿ ಕೊಟ್ಟರು. ಕಂದ ಪದ್ಯದ ಒಂದು ಮತ್ತು ಮೂರನೇ ಸಾಲಿಗೆ 12 ಮಾತ್ರೆ, ಎರಡು ಮತ್ತು ನಾಲ್ಕನೆಯದಕ್ಕೆ 20. ಪ್ರೋಗ್ರಾಮು ಎಣಿಸಿ ಸರಿ ತಪ್ಪು ಹೇಳತೊಡಗಿತು.

ಒಂದು ಹಳಗನ್ನಡ ಕಂದ ಮಾತ್ರ ಹೆಚ್ಚು ಮಾತ್ರೆ ತೋರಿಸಿತು. ಮಕ್ಕಳು ಕವಿಯ ತಪ್ಪು ಹಿಡಿದೆವೆಂದು ಕುಣಿದಾಡಿದರು. ಮೇಡಂ ನಕ್ಕು, ಕವಿಗೆ ಶಿಥಿಲದ್ವಿತ್ವ ಗೊತ್ತಿತ್ತು, ನಿಮ್ಮ ಯಂತ್ರಕ್ಕೆ ಗೊತ್ತಿಲ್ಲ ಎಂದರು. ಕೆಲವು ಒತ್ತಕ್ಷರಗಳನ್ನು ಹಳಗನ್ನಡದಲ್ಲಿ ತೇಲಿಸಿ ಉಚ್ಚರಿಸುವುದರಿಂದ ಹಿಂದಿನ ಅಕ್ಷರ ಗುರುವಾಗದೆ ಉಳಿಯಬಹುದು. ವ್ಯಾಕರಣಕಾರ ಕೇಶಿರಾಜ ಅದನ್ನು ಹೇಳಿದ್ದಾನೆ. ಎಲ್ಲಿ ಹಾಗೆ, ಎಲ್ಲಿ ಹೀಗೆ ಎಂದು ಸೂತ್ರಕ್ಕಿಳಿಸಲು ಹದಿನೇಳು ಮಕ್ಕಳು ಎರಡು ವಾರ ತಿಣುಕಿ ಸೋತರು. ಸೋತದ್ದು ನನಗೆ ಗೆದ್ದದ್ದಕ್ಕಿಂತ ಹೆಚ್ಚು ಸಂತೋಷ ಕೊಟ್ಟಿತು. ಕಿವಿಗೆ ತಿಳಿಯುವುದೆಲ್ಲ ಸಾಲಿಗೆ ಸಿಕ್ಕುವುದಿಲ್ಲವೆಂದು ಒಂಬತ್ತನೇ ತರಗತಿಯಲ್ಲೇ ತಿಳಿದವರು, ಮುಂದೆ ಯಾವ ಯಂತ್ರ ಏನೇ ಹೇಳಿದರೂ ಕಣ್ಣುಮುಚ್ಚಿ ಒಪ್ಪಲಾರರು.

ಇನ್ನು ಡಿಜಿಟಲ್ ಮಾಧ್ಯಮ. ಇದನ್ನು ಕಂಪ್ಯೂಟರಿನಿಂದ ಬೇರೆ ಮಾಡಿ, ಬುದ್ಧಿವಂತರಿಗೆ ಕೋಡಿಂಗು, ಉಳಿದವರಿಗೆ ವಿಡಿಯೊ ಎಡಿಟಿಂಗು ಎಂದು ಹಂಚುವ ಚಾಳಿ ಹುಟ್ಟಿಕೊಂಡಿದೆ. ಇದರ ಫಲ ಏನೆಂದು ಇಂಗ್ಲೆಂಡಿನವರು ನಮಗಿಂತ ಮುಂಚೆ ಕಂಡರು. ಅಲ್ಲಿ ಐಸಿಟಿ ಎಂಬ ವಿಷಯ ಬರಿಯ ಆಫೀಸು ತಂತ್ರಾಂಶದ ಪಾಠವಾಗಿ ಮಕ್ಕಳಿಗೆ ಬೇಸರ ತಂದಿದೆಯೆಂದು 2012ರ ಜನವರಿಯಲ್ಲಿ ರಾಯಲ್ ಸೊಸೈಟಿ ವರದಿ ಕೊಟ್ಟಿತು. 2014ರಿಂದ ಅದರ ಜಾಗದಲ್ಲಿ ಕಂಪ್ಯೂಟಿಂಗ್ ಬಂತು. ಒಳ್ಳೆಯ ಕೆಲಸವೇ. ಆದರೆ ಹತ್ತನೇ ತರಗತಿಗೆ ಸಮನಾದ ಜಿಸಿಎಸ್‌ಇ ಹಂತದಲ್ಲಿ ಕಂಪ್ಯೂಟರ್ ವಿಜ್ಞಾನವನ್ನು ಆಯ್ದುಕೊಂಡವರಲ್ಲಿ ಹುಡುಗಿಯರು ಐದರಲ್ಲಿ ಒಬ್ಬರ ಆಸುಪಾಸು. ಕೈಬಿಟ್ಟ ಹಳೆಯ ಐಸಿಟಿಯಲ್ಲಿ ಅವರ ಪಾಲು ಇದಕ್ಕಿಂತ ಎಷ್ಟೋ ಹೆಚ್ಚಿತ್ತು. ಚಿತ್ರ, ಧ್ವನಿ, ವಿನ್ಯಾಸ ಹೊರಗೆ ಹೋದ ಬಾಗಿಲಿನಿಂದಲೇ ಅವರೂ ಹೋದರೆಂದು ನನ್ನ ಅನುಮಾನ. ಬೇರೆ ಕಾರಣಗಳೂ ಇರಬಹುದು.

ನನ್ನ ಕ್ಲಾಸಿನಲ್ಲಿ ಇವೆರಡೂ ಒಂದಾದದ್ದು ಒಬ್ಬ ಅಜ್ಜಿಯಿಂದ. ಊರಿನ ಯಾವುದಾದರೂ ಧ್ವನಿಯನ್ನು ಮುದ್ರಿಸಿ ತನ್ನಿ ಎಂದಿದ್ದೆ. ಒಬ್ಬ ಹಿಟ್ಟಿನ ಗಿರಣಿಯ ಸದ್ದು ತಂದ, ಇನ್ನೊಬ್ಬಳು ಬಸ್ ಕಂಡಕ್ಟರನ ಕೂಗು. ಒಬ್ಬ ಹುಡುಗಿ ತನ್ನ ಅಜ್ಜಿಯ ಬೀಸುಕಲ್ಲಿನ ಪದಗಳನ್ನು ಅಮ್ಮನ ಫೋನಿನಲ್ಲಿ ಹಿಡಿದುಕೊಂಡು ಬಂದಳು. ಕಡತ ಎಷ್ಟು ದೊಡ್ಡದು ಎಂಬುದರಿಂದ ಪಾಠ ಶುರುವಾಯಿತು. ಸಿ.ಡಿ.ಯ ಗುಣಮಟ್ಟವೆಂದರೆ ಒಂದು ಸೆಕೆಂಡಿಗೆ 44,100 ಸಲ ಧ್ವನಿಯನ್ನು ಅಳೆಯುವುದು, ಪ್ರತಿ ಅಳತೆಗೆ ಎರಡು ಬೈಟು, ಎಡ ಬಲ ಎರಡು ಕಿವಿ. ಗುಣಿಸಿದರೆ ಸೆಕೆಂಡಿಗೆ 1,76,400 ಬೈಟು. ನಿಮಿಷಕ್ಕೆ ಒಂದು ಕೋಟಿ ದಾಟುತ್ತದೆ. ಯಾಕೆ ಅಷ್ಟು ಸಲ ಅಳೆಯಬೇಕು? ನಮ್ಮ ಕಿವಿ ಸುಮಾರು 20,000 ಹರ್ಟ್ಸ್‌ವರೆಗೆ ಕೇಳುತ್ತದೆ, ಅದರ ಎರಡು ಪಟ್ಟಿಗಿಂತ ಹೆಚ್ಚು ಸಲ ಅಳೆದರೆ ಮಾತ್ರ ಅಲೆ ಸರಿಯಾಗಿ ಮರಳಿ ಸಿಗುತ್ತದೆ. ವಿಜ್ಞಾನದ ಪುಸ್ತಕದ ಶಬ್ದದ ಅಧ್ಯಾಯ ಅಜ್ಜಿಯ ಗಂಟಲಿನಲ್ಲಿತ್ತು.

ಆಮೇಲಿನ ಪಾಠ ಲೆಕ್ಕದ್ದಲ್ಲ. ಪದಗಳನ್ನು ಅಂತರ್ಜಾಲಕ್ಕೆ ಹಾಕೋಣ ಎಂದರು ಮಕ್ಕಳು. ಕನ್ನಡ ವಿಕಿಪೀಡಿಯ 2003ರಿಂದಲೂ ಇದೆ, ಅದರ ಬಳಗದ ಕಾಮನ್ಸ್ ಭಂಡಾರಕ್ಕೆ ಯಾರು ಬೇಕಾದರೂ ಧ್ವನಿಯನ್ನು ಕೊಡಬಹುದು. ಆದರೆ ಕೊಟ್ಟ ಮೇಲೆ ಯಾರು ಬೇಕಾದರೂ ಬಳಸಬಹುದು. ಅಜ್ಜಿಯನ್ನು ಕೇಳಿದೆಯಾ ಎಂದೆ. ಕೇಳಿರಲಿಲ್ಲ. ಹುಡುಗಿ ಮನೆಗೆ ಹೋಗಿ ಕೇಳಿದಾಗ ಅಜ್ಜಿ, "ಯಾರ್ಯಾರು ಕೇಳ್ತಾರವ್ವಾ ಇದ್ನ?" ಎಂದರಂತೆ. "ಎಲ್ಲರೂ ಅಜ್ಜಿ, ಪ್ರಪಂಚದಲ್ಲಿರೋರೆಲ್ಲ" ಎಂದಳು ಹುಡುಗಿ. ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿ, ಎರಡು ಪದ ಹಾಕು, ಮೂರನೆಯದು ಬೇಡ ಎಂದರು. ಮೂರನೆಯದು ಅವರು ಕಳೆದುಕೊಂಡ ಮಗನನ್ನು ನೆನೆದು ತಾವೇ ಕಟ್ಟಿಕೊಂಡದ್ದು. ಹುಡುಗಿ ಅದನ್ನು ಫೋನಿನಿಂದಲೂ ಅಳಿಸಿದಳು. ಖಾಸಗಿತನ, ಒಪ್ಪಿಗೆ, ಹಕ್ಕುಸ್ವಾಮ್ಯ ಎಂದು ನಾನು ಬೋರ್ಡಿನ ಮೇಲೆ ಬರೆಯಬೇಕೆಂದಿದ್ದ ಮೂರು ಮಾತುಗಳನ್ನು ಆ ದಿನ ಬರೆಯಲಿಲ್ಲ.

ನಮ್ಮಲ್ಲಿ ಇದೆಲ್ಲ ಆಗುವ ಹೋಗುವ ಮಾತೇ ಎಂದು ಕೇಳುವವರಿಗೆ ಕಾಸರಗೋಡನ್ನು ತೋರಿಸುತ್ತೇನೆ. ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳು ಕೇರಳದ ಪಠ್ಯಕ್ರಮದಲ್ಲಿ ಓದುತ್ತಾರೆ, ಐಸಿಟಿ ಪಠ್ಯಪುಸ್ತಕ ಅವರಿಗೆ ಕನ್ನಡದಲ್ಲೇ ಇದೆ. ಕೇರಳದಲ್ಲಿ ಅದು ಐಚ್ಛಿಕವಲ್ಲ, ಎಲ್ಲರಿಗೂ ಉಂಟು. ಎಸ್‌ಎಸ್‌ಎಲ್‌ಸಿಯ ಐಟಿ ಪರೀಕ್ಷೆಯನ್ನು ಕಂಪ್ಯೂಟರಿನ ಮುಂದೆ ಕೂತೇ ಬರೆಯಬೇಕು. ಶಾಲೆಗಳೆಲ್ಲ ಸ್ವತಂತ್ರ ತಂತ್ರಾಂಶಕ್ಕೆ ಬದಲಾಗಿ ಎಷ್ಟೋ ವರ್ಷಗಳಾದವು. ಚಿತ್ರಕ್ಕೆ ಇಂಕ್‌ಸ್ಕೇಪ್, ಭೂಪಟಕ್ಕೆ ಕ್ಯೂಜಿಐಎಸ್, ಪ್ರೋಗ್ರಾಮಿಗೆ ಪೈಥಾನ್, ಎಲ್ಲ ಒಂದೇ ಪಠ್ಯದೊಳಗೆ ಬಂದಿವೆ. ಇಚ್ಛೆಯಿದ್ದವರಿಗೆ ಅದರ ಮೇಲೆ ಇನ್ನೊಂದು ಮಹಡಿ: 2018ರಲ್ಲಿ ಶುರುವಾದ 'ಲಿಟಲ್ ಕೈಟ್ಸ್' ಎಂಬ ವಿದ್ಯಾರ್ಥಿ ಕೂಟಗಳು. ಅನಿಮೇಷನ್, ಮಲಯಾಳಂ ಕಂಪ್ಯೂಟಿಂಗ್, ಎಲೆಕ್ಟ್ರಾನಿಕ್ಸ್, ಶಾಲೆಯ ಯಂತ್ರಗಳ ರಿಪೇರಿ, ಎಲ್ಲವನ್ನೂ ಆ ಕೂಟದ ಮಕ್ಕಳು ಕಲಿಯುತ್ತಾರೆ. ಬುನಾದಿ ಎಲ್ಲರಿಗೂ, ಮಹಡಿ ಬೇಕಾದವರಿಗೆ. ನಾವು ಬುನಾದಿ ಹಾಕದೆಯೇ ಮಹಡಿಯನ್ನು ಐಚ್ಛಿಕ ಎಂದು ಕರೆಯುತ್ತಿದ್ದೇವೆ. ಐಚ್ಛಿಕವನ್ನು ನಿಜವಾಗಿ ಆರಿಸಿಕೊಳ್ಳಬೇಕಾದರೆ ಮಗು ಅದರ ರುಚಿಯನ್ನು ಒಮ್ಮೆಯಾದರೂ ನೋಡಿರಬೇಕಲ್ಲ?

ರುಚಿ ನೋಡದೆ ಆರಿಸುವುದರ ಪರಮಾವಧಿ ಪಿಯುಸಿ. ಪಿಸಿಎಂಬಿಯೋ ಪಿಸಿಎಂಸಿಯೋ ಎಂದು ಅರ್ಜಿಯಲ್ಲಿ ಗುರುತು ಹಾಕುವುದು ಅಪ್ಪ, ಕಾರಣ ಕೊಡುವುದು ಮಾವ, ಓದುವುದು ಮಗ. ಅಲ್ಲಿ ಬಹಳ ಕಾಲ ಆ ನೀಲಿ ಪರದೆಯ ಟರ್ಬೊ ಸಿ ಪ್ಲಸ್ ಪ್ಲಸ್ ರಾಜ್ಯವಾಳಿತು. ಆ ತಂತ್ರಾಂಶ ಬಂದದ್ದು 1990ರಲ್ಲಿ. ಭಾಷೆಗೇ ಅಂತರರಾಷ್ಟ್ರೀಯ ಮಾನದಂಡ ಬಂದದ್ದು 1998ರಲ್ಲಿ. ಮಾನದಂಡ ಬಂದು ಎಷ್ಟೋ ವರ್ಷಗಳಾದ ಮೇಲೂ, ಕಾಲೇಜಿನ ಪ್ರಯೋಗಾಲಯದಲ್ಲಿ ಮಕ್ಕಳು ಅದಕ್ಕಿಂತ ಹಿಂದಿನ ಕಾಗುಣಿತ ತಿದ್ದುತ್ತಿದ್ದರು.

ಈಗ ಎಲ್ಲರ ಬಾಯಲ್ಲೂ ಕೃತಕ ಬುದ್ಧಿಮತ್ತೆ. ಕೇಂದ್ರೀಯ ಮಂಡಳಿ 2019–20ರಿಂದಲೇ ಒಂಬತ್ತನೇ ತರಗತಿಗೆ ಅದನ್ನು ಐಚ್ಛಿಕ ವಿಷಯವಾಗಿ ತಂದಿದೆ. ಪ್ರೋಗ್ರಾಮನ್ನು ಈಗ ಯಂತ್ರವೇ ಬರೆದುಕೊಡುತ್ತದಲ್ಲ, ಮಕ್ಕಳಿಗೆ ಯಾಕೆ ಎಂದು ಕಳೆದ ವಾರ ಮದುವೆ ಮನೆಯಲ್ಲಿ ಒಬ್ಬರು ನನ್ನ ಎಲೆಯ ಪಕ್ಕ ಕೂತು ಕೇಳಿದರು. ಕ್ಯಾಲ್ಕುಲೇಟರು ಬಂದ ಮೇಲೂ ನಾನು ಮಗ್ಗಿ ಹೇಳಿಸಿದವನು, ನನ್ನ ಉತ್ತರ ಅವರಿಗೆ ಗೊತ್ತಿತ್ತು. ಆದರೂ ಹೇಳುತ್ತೇನೆ. ಯಂತ್ರ ಬರೆದುಕೊಟ್ಟ ಪ್ರೋಗ್ರಾಮು 'ಕಿಟಕಿ'ಯನ್ನು ನಪಾಸು ಮಾಡಿದಾಗ ತಪ್ಪು ಕಿಟಕಿಯದ್ದಲ್ಲ ಎಂದು ಹೇಳುವ ಎದೆ ಆ ಮಗುವಿಗೆ ಇರಬೇಕು. ಶಿಥಿಲದ್ವಿತ್ವದ ಕಂದವನ್ನು ಯಂತ್ರ ತಪ್ಪೆಂದಾಗ ಮೇಡಂ ಹತ್ತಿರ ಓಡಿಹೋಗುವ ಬುದ್ಧಿಯೂ ಬೇಕು. ಇವೆರಡನ್ನೂ ಕಲಿಸಲು ನೂರು ಯಂತ್ರ ಬೇಕಾಗಿಲ್ಲ. ನಮ್ಮಲ್ಲಿ ಓಡುತ್ತಿದ್ದದ್ದು ಹತ್ತರಲ್ಲಿ ಆರು.

ಮೇಷ್ಟ್ರು ಬೇಕು, ಅದು ನಿಜ. ನಾನು ಕೆಲಸ ಮಾಡಿದ ಶಾಲೆಗಳಲ್ಲಿ ಕಂಪ್ಯೂಟರ್ ಶಿಕ್ಷಕ ಎಂಬ ಕಾಯಂ ಹುದ್ದೆ ಇರಲಿಲ್ಲ. ಬಂದವರು ಗುತ್ತಿಗೆಯವರು, ಸಂಬಳ ತಡವಾದಾಗ ನಮ್ಮ ಹತ್ತಿರ ಕೈಸಾಲ ಕೇಳುವ ಎಳೆಯರು. ಅವರಲ್ಲಿ ಇಬ್ಬರು ನನಗಿಂತ ನೂರು ಪಾಲು ಚೆನ್ನಾಗಿ ಕಲಿಸುತ್ತಿದ್ದರು, ಇಬ್ಬರೂ ಬಿಟ್ಟುಹೋದರು. ಹುದ್ದೆ ಮಂಜೂರಾಗುವವರೆಗೆ ಕಾಯುವುದಾದರೆ ಈ ಕೊನೆಯ ಸಾಲಿನ ಮಕ್ಕಳು ಅಜ್ಜ ಅಜ್ಜಿಯರಾಗುತ್ತಾರೆ. ಅಲ್ಲಿಯವರೆಗೆ ಗಣಿತದವರು, ಕನ್ನಡದವರು, ವಿಜ್ಞಾನದವರು, ದುರುಗುಟ್ಟುತ್ತಿರುವ ನನ್ನ ಹಿಂದಿ ಗೆಳೆಯರೂ ಸೇರಿ, ವಾರಕ್ಕೆರಡು ಪೀರಿಯಡ್ಡು ಆ ಕೋಣೆಯಲ್ಲಿ ಕೂರಬಹುದು. ಹಿಂದಿಯಲ್ಲೂ ಮಾತ್ರೆಗಳಿವೆ, ಅಲ್ಲಿಯ ದೋಹೆಯನ್ನು ಎಣಿಸುವ ಪ್ರೋಗ್ರಾಮು ಇನ್ನೂ ಯಾರೂ ನನಗೆ ತೋರಿಸಿಲ್ಲ.

ಕೊನೆಯದಾಗಿ ದತ್ತಿ ಇಟ್ಟ ಕುಟುಂಬದವರಲ್ಲಿ ಒಂದು ಕೋರಿಕೆ. ನನಗೆ ಹೊದಿಸಿದ ಶಾಲು ಮನೆಗೆ ಒಯ್ಯುತ್ತೇನೆ, ಮನೆಯವರಿಗೆ ಲೆಕ್ಕ ಕೊಡಬೇಕು. ಗೌರವಧನದ ಲಕೋಟೆಯನ್ನು ಮಾತ್ರ ಇದೇ ಊರಿನ ಪ್ರೌಢಶಾಲೆಯ ಮುಖ್ಯ ಶಿಕ್ಷಕರಿಗೆ ಕೊಟ್ಟುಬಿಡಿ. ಅವರು ಎರಡನೇ ಸಾಲಿನಲ್ಲಿದ್ದಾರೆ. ಬೆಳಿಗ್ಗೆ ಅವರ ಕಂಪ್ಯೂಟರ್ ಕೋಣೆಯನ್ನು ನೋಡಿಬಂದೆ. ಯಂತ್ರಗಳು ಚೆನ್ನಾಗಿವೆ. ಯುಪಿಎಸ್ಸಿಗೆ ನಾಲ್ಕು ಬ್ಯಾಟರಿ ಬೇಕು, ಲಕೋಟೆಯ ಹಣ ಒಂದಕ್ಕೆ ಸಾಕು. ಉಳಿದ ಮೂರನ್ನು ಈ ಸಭೆಯಲ್ಲಿರುವವರು ಕೂಡಿಸಿ. ಮತ್ತೆ, ಕೋಣೆಯ ಇನ್ನೊಂದು ಬೀಗದಕೈ ಮಾಡಿಸಿ ಕೊನೆಯ ಸಾಲಿನ ಮಕ್ಕಳ ಕೈಗೆ ಕೊಡಿ.